ರಾತ್ರಿ ತಿಳಿ, ಬೆಳಿಗ್ಗೆ ಕೆಂಪು: ಬಾವಿ ನೀರಿನ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸ್ವಂತ ಬಾವಿ ಅಥವಾ ಬೋರ್‌ವೆಲ್ ನಂಬಿಕೊಂಡ ಹಳ್ಳಿ ಮನೆ, ತೋಟದ ಮನೆಯವರದ್ದು. ಊರಿಗೆಲ್ಲ ಒಂದೇ ಪೈಪಿನಲ್ಲಿ ನೀರು ಬರುವ ಕಡೆ ಅದನ್ನು ಪರೀಕ್ಷೆ ಮಾಡೋಕೆ, ಕ್ಲೋರಿನ್ ಹಾಕೋಕೆ ಅಂತ ಜನ ಇರುತ್ತಾರೆ. ಸ್ವಂತ ಬಾವಿ ಅಂದರೆ ಆ ಕೆಲಸವೆಲ್ಲ ಮನೆಯವರ ಮೇಲೇ. ಹಾಗಾಗಿ ಕೆಲವು ಉತ್ತರ ಸ್ವಲ್ಪ ಉದ್ದ ಆಗಿದೆ.

ಪ್ರಶ್ನೆ: ನಮ್ಮ ಬೋರ್‌ವೆಲ್ ನೀರು ನಲ್ಲಿಯಿಂದ ಬರುವಾಗ ತಿಳಿಯಾಗಿರುತ್ತದೆ. ರಾತ್ರಿ ಬಕೆಟ್‌ನಲ್ಲಿ ಹಿಡಿದಿಟ್ಟರೆ ಬೆಳಿಗ್ಗೆ ಕೆಂಪಗಾಗಿರುತ್ತದೆ. ಬಿಳಿ ಬಟ್ಟೆಯೆಲ್ಲ ಹಾಳು. ಒಬ್ಬರು ಸಾಫ್ಟನರ್ ಹಾಕಿಸಿ ಅಂತಾರೆ, ಇನ್ನೊಬ್ಬರು ಇಡೀ ಮನೆಗೇ ಆರ್‌ಓ ಹಾಕಿಸಿ ಅಂತಾರೆ. ಯಾರ ಮಾತು ಕೇಳೋದು?

ಇಬ್ಬರ ಮಾತೂ ಈಗಲೇ ಬೇಡ. ನೀವು ಹೇಳಿದ ಲಕ್ಷಣ ಕಬ್ಬಿಣದ್ದು. ನೆಲದ ಆಳದಲ್ಲಿ ಗಾಳಿ ಸಿಗೋದಿಲ್ಲ, ಅಲ್ಲಿ ಕಬ್ಬಿಣ ನೀರಲ್ಲಿ ಕರಗಿಯೇ ಇರುತ್ತದೆ, ಕಣ್ಣಿಗೆ ಕಾಣೋದಿಲ್ಲ. ಮೇಲೆ ಬಂದು ಗಾಳಿ ಸೋಕಿದ ಮೇಲೆ ತುಕ್ಕಿನ ಕಣ ಆಗಿ ನಿಧಾನಕ್ಕೆ ತಳಕ್ಕೆ ಕೂರುತ್ತದೆ. ನಿಮ್ಮ ಬಕೆಟ್‌ನಲ್ಲಿ ರಾತ್ರಿಯಿಡೀ ನಡೆಯೋದು ಇದೇ. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಸಾಕು, ಬಟ್ಟೆ, ಬೇಸಿನ್ ಮೇಲೆ ಕಲೆ ಬೀಳೋಕೆ ಶುರು.

ಮೊದಲು ಒಂದು ಕೆಲಸ ಮಾಡಿ. ಟಾಯ್ಲೆಟ್ ಫ್ಲಶ್ ಟ್ಯಾಂಕಿನ ಮುಚ್ಚಳ ತೆಗೆದು ಒಳಗೋಡೆಯನ್ನು ಬೆರಳಿಂದ ಸವರಿ ನೋಡಿ. ಒಣ ಪುಡಿಯಂಥ ಕೆಂಪು ಬಂದರೆ ಬರೀ ಕಬ್ಬಿಣ. ಲೋಳೆ ಲೋಳೆಯಾಗಿ, ಜೆಲ್ಲಿಯ ಹಾಗೆ ಕೈಗೆ ಅಂಟಿದರೆ ಅಲ್ಲಿ ಕಬ್ಬಿಣದ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿದೆ ಅನ್ನಬಹುದು. ಇದರಿಂದ ಸಾಮಾನ್ಯವಾಗಿ ಕಾಯಿಲೆ ಬರೋದಿಲ್ಲ, ಆದರೆ ಪೈಪು, ಫಿಲ್ಟರ್ ಎಲ್ಲ ಕಟ್ಟಿಕೊಳ್ಳುತ್ತದೆ. ಮೊದಲು ಬೋರ್‌ವೆಲ್‌ಗೆ ಕ್ಲೋರಿನ್ ಹಾಕಿ ತೊಳೆಸಬೇಕು. ಅದಿಲ್ಲದೆ ಯಾವ ಯಂತ್ರ ಕೂರಿಸಿದರೂ ಕೆಲವೇ ತಿಂಗಳಲ್ಲಿ ಕಟ್ಟಿಕೊಂಡು ನಿಲ್ಲುತ್ತದೆ.

ಸಾಫ್ಟನರ್ ಇರೋದು ಗಡಸು ನೀರಿಗೆ. ಒಳಗಿನ ರೆಸಿನ್ ಮಣಿಗಳು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತವೆ. ಕರಗಿದ ಕಬ್ಬಿಣ ಸ್ವಲ್ಪ ಇದ್ದರೆ ಅದನ್ನೂ ಹಿಡಿಯುತ್ತವೆ, ನಿಜ. ಆದರೆ ಒಮ್ಮೆ ಕೆಂಪಾಗಿ ಕಣವಾದ ಕಬ್ಬಿಣ ಬಂದರೆ ಮಣಿಗಳ ಮೇಲೇ ಕೂತು ರೆಸಿನ್ ಹಾಳಾಗುತ್ತದೆ. ಆರ್‌ಓ ಅಂದರೆ ತೀರಾ ಸಣ್ಣ ರಂಧ್ರದ ಪೊರೆಯ ಮೂಲಕ ನೀರನ್ನು ಒತ್ತಿ ಸೋಸೋದು, ಆ ಪೊರೆಗೂ ಕಬ್ಬಿಣ ಒಳ್ಳೆಯದಲ್ಲ. ಮೇಲಾಗಿ ಆರ್‌ಓ ಒಂದಿಷ್ಟು ನೀರನ್ನು ಹೊರಗೆ ಬಿಡಲೇಬೇಕು. ಬಟ್ಟೆ ಒಗೆಯೋಕೆ, ಗಿಡಕ್ಕೆ ಹಾಕೋಕೆಲ್ಲ ಆರ್‌ಓ ನೀರು ಯಾಕೆ ಅಲ್ವಾ?

ನಿಮಗೆ ಬೇಕಾದ್ದು ಬಹುಶಃ ಸರಳ: ನೀರಿಗೆ ಗಾಳಿ ಸೋಕಿಸಿ, ಕಬ್ಬಿಣ ಕೆಂಪಾಗೋಕೆ ಸಮಯ ಕೊಟ್ಟು, ಆಮೇಲೆ ಮರಳಿನಂಥ ಹಾಸಿನ ಮೂಲಕ ಸೋಸೋದು. ಇಲ್ಲೊಂದು ವಿಷಯವನ್ನು ಮಾರುವವರು ಹೇಳೋದು ಕಡಿಮೆ. ಇಂಥ ಫಿಲ್ಟರನ್ನು ಆಗಾಗ ಉಲ್ಟಾ ನೀರು ಹಾಯಿಸಿ ತೊಳೆಯಬೇಕು, ಅದಕ್ಕೆ ದಿನಬಳಕೆಗಿಂತ ಜೋರಾದ ಹರಿವು ಬೇಕು. ನಿಮ್ಮ ಮೋಟರು ಅಷ್ಟು ನೀರು ಕೊಡದಿದ್ದರೆ ಮರಳು ಮೇಲೇಳೋದೇ ಇಲ್ಲ, ಕೊಳೆ ಅಲ್ಲೇ ಉಳಿಯುತ್ತದೆ. ಹಾಗಾಗಿ ಫಿಲ್ಟರಿನ ಅಳತೆ ನಿರ್ಧರಿಸೋ ಮೊದಲು ಒಂದು ಬಕೆಟ್, ಒಂದು ಗಡಿಯಾರ ಹಿಡಿದು ಮೋಟರು ನಿಮಿಷಕ್ಕೆ ಎಷ್ಟು ಲೀಟರ್ ಕೊಡುತ್ತದೆ ಅಂತ ನೋಡಿ. ನೀರು ಪರೀಕ್ಷೆಗೆ ಕೊಡುವಾಗ ಕಬ್ಬಿಣದ ಜೊತೆ ಮ್ಯಾಂಗನೀಸ್, ಪಿಎಚ್, ಗಡಸುತನ ಮೂರನ್ನೂ ಬರೆಸಿ. ಕಲೆ ಕಪ್ಪಗಿದ್ದರೆ ಮ್ಯಾಂಗನೀಸ್ ಇರುವ ಸಾಧ್ಯತೆ ಜಾಸ್ತಿ, ಅದನ್ನು ತೆಗೆಯೋದು ಕಬ್ಬಿಣಕ್ಕಿಂತ ಕಷ್ಟ.

ಪ್ರಶ್ನೆ: ಜೋರು ಮಳೆ ಬಂದು ಒಂದೆರಡು ದಿನಕ್ಕೆ ಬಾವಿ ನೀರು ಬಗ್ಗಡ ಆಗುತ್ತದೆ. ಹೋದ ಮಳೆಗಾಲದಲ್ಲಿ ಮನೆಯಲ್ಲಿ ಎಲ್ಲರಿಗೂ ಭೇದಿ ಆಯಿತು. ಯುವಿ ಹಾಕಿಸಿದರೆ ಸಾಕಾ?

ಸಾಲದು. ಯುವಿ ಅಂದರೆ ರೋಗಾಣು ಕೊಲ್ಲುವ ಅತಿನೇರಳೆ ಬೆಳಕು ಅಷ್ಟೇ. ಬಗ್ಗಡ ನೀರಿನಲ್ಲಿ ಬೆಳಕು ಒಳಗೆ ಹೋಗೋದಿಲ್ಲ, ಮಣ್ಣಿನ ಕಣದ ಹಿಂದೆ ಅವಿತ ರೋಗಾಣು ಹಾಗೇ ದಾಟಿ ಬರುತ್ತದೆ. ನಿಮಗೆ ಯುವಿ ಅತಿ ಹೆಚ್ಚು ಬೇಕಾದ ದಿನವೇ ಅದು ಕೈ ಕೊಡುತ್ತದೆ.

ಮಳೆಗೂ ಬಗ್ಗಡಕ್ಕೂ ಇಷ್ಟು ನೇರ ಸಂಬಂಧ ಇದೆ ಅಂದರೆ ಮೇಲಿನ ನೀರು ಮಣ್ಣಲ್ಲಿ ಸೋಸಿಕೊಳ್ಳದೆ ಅಡ್ಡದಾರಿಯಲ್ಲಿ ಬಾವಿಗೆ ಇಳಿಯುತ್ತಿದೆ. ಆ ದಾರಿ ಹುಡುಕಿ. ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಫಿಲ್ಟರ್ ಬದಲಾಯಿಸಿದ್ದೇ ಬದಲಾಯಿಸಿದ್ದು. ಕೊನೆಗೆ ಒಂದು ಸಂಜೆ ಬೋರ್‌ವೆಲ್ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದರೆ ಕೇಸಿಂಗ್ ಪೈಪಿನ (ಮಣ್ಣು ಕುಸಿಯದ ಹಾಗೆ ಬೋರ್‌ವೆಲ್‌ಗೆ ಇಳಿಸಿದ ಪೈಪು) ಒಳಬದಿಯಲ್ಲಿ ಮೇಲಿಂದ ಕೆಳಗೆ ಕೆಸರಿನ ಒಂದು ಗೆರೆ, ಅದರ ಪಕ್ಕದಲ್ಲೇ ಇರುವೆ ಸಾಲು. ಮೋಟರಿನ ವೈರು ಒಳಗೆ ಹೋಗುವ ತೂತನ್ನು ಯಾರೂ ಮುಚ್ಚಿರಲಿಲ್ಲ. ಅಂಗಳದ ನೀರೆಲ್ಲ ಅಲ್ಲಿಂದಲೇ ಇಳಿಯುತ್ತಿತ್ತು. ನಾವು ಆವರೆಗೆ ಕುಡಿದದ್ದು ಆ ನೀರನ್ನೇ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ತೊಳಸುತ್ತದೆ.

ನೀವು ನೋಡಬೇಕಾದ್ದು ಇಷ್ಟು. ಬೋರ್‌ವೆಲ್ ಆದರೆ ಕೇಸಿಂಗ್ ನೆಲದಿಂದ ಕನಿಷ್ಠ 30 ಸೆಂಟಿಮೀಟರ್ ಮೇಲಿರಬೇಕು, ಮುಚ್ಚಳ ಬಿಗಿಯಾಗಿರಬೇಕು. ತೆರೆದ ಬಾವಿ ಆದರೆ ಕಟ್ಟೆ ಬಿರುಕು ಬಿಟ್ಟಿರಬಾರದು, ಸುತ್ತ ಸಿಮೆಂಟಿನ ಹಾಸು ಹೊರಕ್ಕೆ ಇಳಿಜಾರಾಗಿರಬೇಕು. ಶೌಚದ ಗುಂಡಿ 15 ಮೀಟರಿಗಿಂತ ಹತ್ತಿರ ಇದೆಯಾ ಅಳೆಯಿರಿ. 30 ಮೀಟರ್ ದೂರ ಇದ್ದರೆ ಇನ್ನೂ ಒಳ್ಳೆಯದು. ಬಾವಿಗಿಂತ ಎತ್ತರದಲ್ಲಿ ಗುಂಡಿ ಅಥವಾ ದನದ ಕೊಟ್ಟಿಗೆ ಇದ್ದರಂತೂ ಹುಷಾರು.

ದಾರಿ ಮುಚ್ಚಿದ ಮೇಲೆ ಬಾವಿಯನ್ನು ಒಮ್ಮೆ ಕ್ಲೋರಿನ್ ಹಾಕಿ ಶುದ್ಧ ಮಾಡಿ. ಲೆಕ್ಕ ಕಷ್ಟ ಏನಲ್ಲ. 2 ಮೀಟರ್ ಅಗಲದ ದುಂಡು ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್. ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಸಿಗಬೇಕಾದರೆ 33 ಪರ್ಸೆಂಟಿನ ಬ್ಲೀಚಿಂಗ್ ಪೌಡರ್ ಹತ್ತಿರ ಹತ್ತಿರ ಒಂದೂವರೆ ಕಿಲೋ ಬೇಕು. ಹಳೇ ಪೌಡರ್, ತೆರೆದಿಟ್ಟ ಪೌಡರ್ ಬೇಡ, ಅದರ ಕ್ಲೋರಿನ್ ಹಾರಿ ಹೋಗಿರುತ್ತದೆ. ಬಯಲಲ್ಲಿ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಬಾವಿಗೆ ಸುರಿಯಿರಿ. ಮನೆಯ ಎಲ್ಲಾ ನಲ್ಲಿಗಳನ್ನೂ ಕ್ಲೋರಿನ್ ವಾಸನೆ ಬರುವವರೆಗೆ ಬಿಟ್ಟು ನಿಲ್ಲಿಸಿ, ಆರ್‌ಓ, ಸಾಫ್ಟನರ್‌ಗೆ ಮಾತ್ರ ಈ ನೀರು ಹೋಗದ ಹಾಗೆ ನೋಡಿಕೊಳ್ಳಿ. ಕನಿಷ್ಠ 12 ಗಂಟೆ ಹಾಗೇ ಇರಲಿ. ಅಷ್ಟು ಹೊತ್ತು ಆ ನೀರು ಕುಡಿಯೋದಕ್ಕೂ ಇಲ್ಲ, ಸ್ನಾನಕ್ಕೂ ಇಲ್ಲ. ಆಮೇಲೆ ವಾಸನೆ ಹೋಗುವವರೆಗೆ ಹೊರಗೆ ಎತ್ತಿಹಾಕಿ, ಗಿಡದ ಬುಡಕ್ಕೆ, ಕೆರೆ ತೊರೆಗೆ ಬೇಡ. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಹೂಳು ತೆಗೆಯೋಕೆ ಅಂತ ನೀವೇ ಬಾವಿಗೆ ಇಳಿಯಬೇಡಿ. ಒಳಗೆ ಉಸಿರಿಗೆ ಬೇಕಾದ ಗಾಳಿ ಇಲ್ಲದೆ ಇರಬಹುದು, ಮೇಲಿಂದ ನೋಡಿದರೆ ಅದು ಗೊತ್ತಾಗೋದಿಲ್ಲ.

ಒಂದೆರಡು ವಾರ ಬಿಟ್ಟು ನೀರು ಪರೀಕ್ಷೆ ಮಾಡಿಸಿ. 100 ಮಿಲಿಲೀಟರಿನಲ್ಲಿ ಮಲದಿಂದ ಬರುವ ಇ. ಕೋಲಿ ಬ್ಯಾಕ್ಟೀರಿಯಾ ಒಂದೇ ಒಂದು ಕೂಡ ಇರಬಾರದು. ಲ್ಯಾಬ್‌ನವರು ಕೊಟ್ಟ ಬಾಟಲಿಯನ್ನೇ ಬಳಸಿ, ಅದನ್ನು ತೊಳೆಯಬೇಡಿ. ಒಳಗಿರುವ ಚೂರು ಪುಡಿ ಕ್ಲೋರಿನ್ನಿನ ಪ್ರಭಾವ ತೆಗೆಯೋಕೆ ಇಟ್ಟದ್ದು. ಇಷ್ಟೆಲ್ಲ ಆದ ಮೇಲೂ ಬ್ಯಾಕ್ಟೀರಿಯಾ ಬರುತ್ತಿದ್ದರೆ ಆಗ ಒಳ್ಳೆ ಫಿಲ್ಟರ್, ಅದರ ನಂತರ ಯುವಿ. ದೀಪ ಉರಿಯುತ್ತಿದ್ದರೂ ವರ್ಷಕ್ಕೊಮ್ಮೆ ಬದಲಾಯಿಸಬೇಕು, ಅದರ ಕಸುವು ಕುಗ್ಗಿರುತ್ತದೆ. ಅಲ್ಲಿಯವರೆಗೆ ಕುಡಿಯುವ ನೀರನ್ನು ಸೋಸಿ, ಕೊತಕೊತ ಕುದಿಯೋಕೆ ಶುರುವಾದ ಮೇಲೆ ಒಂದು ನಿಮಿಷ ಕುದಿಸಿ ಕುಡಿಯಿರಿ.

ಪ್ರಶ್ನೆ: ನೀರು ನೋಡೋಕೆ ಬಂದವರು ಪೆನ್ನಿನಂಥ ಮೀಟರ್ ಅದ್ದಿ, ಟಿಡಿಎಸ್ 280 ಇದೆ, ನೀರು ಚೆನ್ನಾಗಿದೆ ಅಂದರು. ನಂಬಬಹುದಾ?

ಆ ಮೀಟರ್ ನೋಡೋದು ನೀರಿನಲ್ಲಿ ಕರೆಂಟು ಎಷ್ಟು ಸರಾಗವಾಗಿ ಹರಿಯುತ್ತದೆ ಅನ್ನೋದನ್ನ. ಅದರಿಂದ ಟಿಡಿಎಸ್, ಅಂದರೆ ನೀರಲ್ಲಿ ಕರಗಿದ ಒಟ್ಟು ಉಪ್ಪಿನಂಶದ ಅಂದಾಜು ಸಿಗುತ್ತದೆ. ಬ್ಯಾಕ್ಟೀರಿಯಾ ಅದಕ್ಕೆ ಕಾಣೋದಿಲ್ಲ. ಲೀಟರಿಗೆ 0.01 ಮಿಲಿಗ್ರಾಂ ದಾಟಿದರೇ ಕೆಟ್ಟದ್ದು ಅನ್ನುವ ಆರ್ಸೆನಿಕ್, 1.5 ಮಿಲಿಗ್ರಾಂ ದಾಟಬಾರದ ಫ್ಲೋರೈಡ್, ಇವೆಲ್ಲ 280ರೊಳಗೆ ಸುಮ್ನೆ ಅಡಗಿ ಕೂರಬಹುದು. ರುಚಿಯಲ್ಲೂ ಗೊತ್ತಾಗೋದಿಲ್ಲ. ಲ್ಯಾಬ್ ವರದಿ ಬೇಕೇ ಬೇಕು.

ಪ್ರಶ್ನೆ: ನಾಲ್ಕು ತಿಂಗಳ ಮಗುವಿಗೆ ಬಾವಿ ನೀರನ್ನು ಚೆನ್ನಾಗಿ ಕುದಿಸಿ ಹಾಲಿನ ಪುಡಿ ಕಲಸುತ್ತೇವೆ. ಪಕ್ಕದ ಹೊಲಕ್ಕೆ ಗೊಬ್ಬರ ಜಾಸ್ತಿ ಹಾಕುತ್ತಾರೆ. ತೊಂದರೆ ಇದೆಯಾ?

ನೈಟ್ರೇಟ್ ಪರೀಕ್ಷೆ ಆಗುವವರೆಗೆ ಆ ನೀರು ಮಗುವಿಗೆ ದಯವಿಟ್ಟು ಬೇಡ. ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗೋದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಇನ್ನೂ ಗಟ್ಟಿಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 50 ಮಿಲಿಗ್ರಾಂ ನೈಟ್ರೇಟ್. ಅದಕ್ಕಿಂತ ಹೆಚ್ಚಿದ್ದರೆ ಎಳೆ ಮಕ್ಕಳ ರಕ್ತ ಆಮ್ಲಜನಕ ಒಯ್ಯೋದು ಕಡಿಮೆಯಾಗಬಹುದು. ತುಟಿ, ಉಗುರು ನೀಲಿಗಟ್ಟಿದ ಹಾಗೆ ಕಂಡರೆ ಒಂದು ಕ್ಷಣವೂ ಕಾಯದೆ ಡಾಕ್ಟರ ಹತ್ತಿರ ಓಡಿ. ನೈಟ್ರೇಟ್ ತೆಗೆಯೋಕೆ ಅಡುಗೆಮನೆಯಲ್ಲಿ ಒಂದು ಸಣ್ಣ ಆರ್‌ಓ ಸರಿ ಹೋಗುತ್ತದೆ, ಆದರೆ ಅದರಿಂದ ಬಂದ ನೀರನ್ನೂ ಪರೀಕ್ಷೆ ಮಾಡಿಸಿಯೇ ಕೊಡಿ.

ಪ್ರಶ್ನೆ: ನಲ್ಲಿ ತಿರುಗಿಸಿದರೆ ಮೋಟರು ಟಕ್ ಟಕ್ ಅಂತ ಆನ್ ಆಗಿ ಆಫ್ ಆಗುತ್ತಿರುತ್ತದೆ. ಮೋಟರೇ ಬದಲಾಯಿಸಬೇಕು ಅಂತಾರೆ.

ಮೊದಲು ನೀರನ್ನು ಒತ್ತಡದಲ್ಲಿ ಹಿಡಿದಿಡುವ ಪ್ರೆಷರ್ ಟ್ಯಾಂಕ್ ನೋಡಿ. ಅದರೊಳಗಿನ ಗಾಳಿ ಕಮ್ಮಿಯಾದರೆ ಹೀಗಾಗುತ್ತದೆ. ಕರೆಂಟು ತೆಗೆದು, ಟ್ಯಾಂಕಿನ ನೀರು ಪೂರ್ತಿ ಬಿಟ್ಟು, ಗಾಡಿಯ ಟೈರಿನ ಗಾಳಿ ನೋಡುವ ಗೇಜ್ ಇಟ್ಟು ಅಳೆಯಿರಿ. ಮೋಟರು 30 ಪಿಎಸ್‌ಐ ಒತ್ತಡಕ್ಕೆ ಆನ್ ಆಗುವಂತಿದ್ದರೆ ಗಾಳಿ 28 ಇರಬೇಕು. ಗಾಳಿ ತುಂಬುವ ವಾಲ್ವ್ ಒತ್ತಿದಾಗ ನೀರು ಚಿಮ್ಮಿದರೆ ಒಳಗಿನ ರಬ್ಬರ್ ಚೀಲ ಹರಿದಿದೆ. ನಲ್ಲಿ ಎಲ್ಲ ಮುಚ್ಚಿದ್ದರೂ ಮೋಟರು ಶುರುವಾಗುತ್ತಿದ್ದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ಚೆಕ್ ವಾಲ್ವ್ ನೀರು ವಾಪಸ್ ಬಿಡುತ್ತಿದೆ.

ಪ್ರಶ್ನೆ: ಬಾವಿ, ಮೋಟರು, ಫಿಲ್ಟರ್ ಎಲ್ಲಾ ಒಬ್ಬರಿಗೇ ವಹಿಸೋಣ ಅಂತಿದ್ದೇವೆ. ಎಂಥವರನ್ನ ನೋಡಬೇಕು?

ನೀರಿನ ವರದಿ ಕೇಳದೆಯೇ ಯಂತ್ರದ ಹೆಸರು ಹೇಳುವವರು ಬೇಡ. ಪರೀಕ್ಷೆಯೂ ಅವರದ್ದೇ, ಮಾರಾಟವೂ ಅವರದ್ದೇ ಆಗಿದ್ದರೆ ಇನ್ನೊಂದು ಕಡೆ ಸ್ವತಂತ್ರವಾಗಿ ಪರೀಕ್ಷೆ ಮಾಡಿಸಿ. ಬಿಡಿ ಭಾಗಗಳು ಎಲ್ಲಿ ಸಿಗುತ್ತವೆ, ಎಷ್ಟು ದಿನಕ್ಕೊಮ್ಮೆ ಬದಲಾಯಿಸಬೇಕು, ಫಿಲ್ಟರ್ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಅಂತ ಬರವಣಿಗೆಯಲ್ಲಿ ಕೇಳಿ. ಬೋರ್‌ವೆಲ್ ಆಳ, ಕೇಸಿಂಗ್ ಎಲ್ಲಿಯವರೆಗೆ ಇದೆ, ನೀರು ಎಷ್ಟು ಆಳದಲ್ಲಿ ನಿಂತಿದೆ, ಮೋಟರು ಎಷ್ಟು ಆಳದಲ್ಲಿ ತೂಗುತ್ತಿದೆ, ಇವನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ದಿನಾಂಕ ಹಾಕಿ ಬರೆಸಿಕೊಳ್ಳಿ. ಪ್ರತಿ ವರ್ಷದ ಬ್ಯಾಕ್ಟೀರಿಯಾ, ನೈಟ್ರೇಟ್ ವರದಿಯನ್ನೂ ಅದರಲ್ಲೇ ಅಂಟಿಸಿ. ಆ ನೋಟ್‌ಬುಕ್ ನಿಮ್ಮ ಹತ್ತಿರವೇ ಇರಲಿ, ಅವರ ಹತ್ತಿರ ಅಲ್ಲ.