ಅರ್ಧ ಬಕೆಟ್ ಕುದಿನೀರಾ, ಪೂರ್ತಿ ಬಕೆಟ್ ಹದನೀರಾ?

ಪ್ರಶ್ನೆ: ನಮ್ಮನೇಲಿ ದಿನಾ ಬೆಳಿಗ್ಗೆ ಇದೇ ಜಗಳ. ನಾನು ಅರ್ಧ ಬಕೆಟ್ ನೀರಿಗೆ ರಾಡ್ ಹಾಕಿ ಸುಡೋಹಾಗೆ ಕಾಯಿಸಿ ಆಮೇಲೆ ತಣ್ಣೀರು ಬೆರೆಸ್ತೀನಿ. ನಮ್ಮನೆಯವರು ಪೂರ್ತಿ ಬಕೆಟ್ಟೇ ಹದಕ್ಕೆ ಕಾಯಿಸು, ಕರೆಂಟ್ ಉಳಿಯುತ್ತೆ ಅಂತಾರೆ. ಯಾರದ್ದು ಸರಿ? (ಒಬ್ಬ ಓದುಗಿ, ತುಮಕೂರು)

ಉತ್ತರ: ಮೇಡಂ, ಗಂಡ ಹೆಂಡ್ತಿ ಜಗಳದ ಮಧ್ಯ ಬರಬಾರ್ದು ಅಂತ ದೊಡ್ಡವ್ರು ಹೇಳಿದಾರೆ, ಆದ್ರೂ ಇದು ಲೆಕ್ಕದ ಜಗಳ ಆಗಿರೋದ್ರಿಂದ ಬರ್ತೀನಿ. ನೀರಿಗೆ ಎಷ್ಟು ಶಾಖ ಹೋಯ್ತು ಅನ್ನೋದು ಎರಡೇ ವಿಷಯದ ಮೇಲೆ ನಿಂತಿದೆ, ಎಷ್ಟು ನೀರು ಮತ್ತೆ ಎಷ್ಟು ಡಿಗ್ರಿ ಏರಿಸಿದ್ರಿ, ಇವೆರಡನ್ನ ಗುಣಿಸಿದ್ರೆ ಮುಗೀತು. 1 ಲೀಟರ್ ನೀರು 1 ಡಿಗ್ರಿ ಏರೋಕೆ 1 ಕಿಲೋ ಕ್ಯಾಲರಿ ಬೇಕು, ಕರೆಂಟಿನ 1 ಯೂನಿಟ್ ಅಂದ್ರೆ ಸುಮಾರು 860 ಕಿಲೋ ಕ್ಯಾಲರಿ, ಇಷ್ಟು ನೆನಪಿಟ್ಕೊಳ್ಳಿ ಸಾಕು.

ಈಗ ನಲ್ಲಿ ನೀರು 22 ಡಿಗ್ರಿ ಇದೆ, ನಿಮಗೆ ಸ್ನಾನಕ್ಕೆ 42 ಬೇಕು, ಬಕೆಟ್ 18 ಲೀಟರಿಂದು ಅಂತ ಇಟ್ಕೊಳ್ಳಿ. ನಿಮ್ಮೆಜಮಾನ್ರ ಲೆಕ್ಕ 18 ಇಂಟು 20, ಅಂದ್ರೆ 360. ನಿಮ್ದು 9 ಲೀಟರ್, ಅದನ್ನ 62ಕ್ಕೆ ಕಾಯಿಸಿ 9 ಲೀಟರ್ ತಣ್ಣೀರು ಸುರಿದ್ರೆ ಸರಿಯಾಗಿ 42ಕ್ಕೆ ಬರುತ್ತೆ, ಏರಿಸಿದ್ದು 40 ಡಿಗ್ರಿ, 9 ಇಂಟು 40 ಅಂದ್ರೂ ಅದೇ 360! ನೀರು ಅರ್ಧ ಆಯ್ತು, ಡಿಗ್ರಿ ಡಬಲ್ ಆಯ್ತು, ಮೀಟರ್ ಓಡೋದು ಅಷ್ಟೇ, ಅರ್ಧ ಯೂನಿಟ್ಟಿಗೂ ಸ್ವಲ್ಪ ಕಮ್ಮಿ. 1500 ವ್ಯಾಟಿನ ರಾಡ್ ಆದ್ರೆ ಎರಡಕ್ಕೂ ಸುಮಾರು 17 ನಿಮಿಷ. (ನಾನೂ ಒಂದಿನ ಥರ್ಮಾಮೀಟರ್ ಹಿಡ್ಕೊಂಡು ಬಚ್ಚಲಲ್ಲಿ ಕೂತಿದ್ದೆ, ಪೂರ್ತಿ ಬಕೆಟ್ಟಿಗೆ 19 ನಿಮಿಷ ಆಯ್ತು, ಮಿಕ್ಕಿದ್ದನ್ನ ಬಕೆಟ್ಟೂ ಗಾಳಿನೂ ತಿಂದ್ವು. ಮನೆಯವರು ಹೊರಗಿಂದ ಬಾಗಿಲು ಬಡೀತಿದ್ರು, ಅದು ಬೇರೆ ಕಥೆ.)

ಆದ್ರೆ ನೀವು ಬರೆದಿರೋದು "ಸುಡೋಹಾಗೆ" ಅಂತ, ಅಲ್ಲೇ ನೀವು ಸೋಲೋದು. 9 ಲೀಟರನ್ನ 95 ಡಿಗ್ರಿವರೆಗೂ ಬಿಟ್ರಿ ಅಂದ್ರೆ 657 ಕಿಲೋ ಕ್ಯಾಲರಿ ಹೋಯ್ತು, ಅದನ್ನ ಹದ ಮಾಡೋಕೆ ಹೊರಟ್ರೆ 33 ಲೀಟರ್ ಹತ್ರ ಸ್ನಾನದ ನೀರಾಗುತ್ತೆ, ಹತ್ರತ್ರ ಎರಡು ಬಕೆಟ್, ಒಬ್ಬರಿಗೆ ಯಾಕೆ ಅಷ್ಟು? ಜೊತೆಗೆ ನೀರು ಬಿಸಿ ಆದಷ್ಟೂ ಗಾಳಿಗೆ ಹೋಗೋ ಶಾಖ ಜಾಸ್ತಿ, ಹಬೆ ಏಳ್ತಿದೆ ಅಂದ್ರೆ ದುಡ್ಡು ಏಳ್ತಿದೆ ಅಂತ ಲೆಕ್ಕ. ಇನ್ನೊಂದು, ಅರ್ಧ ಬಕೆಟ್ಟಲ್ಲಿ ರಾಡಿನ ಸುರುಳಿ ಪೂರ್ತಿ ಮುಳುಗದೆ ಇದ್ರೆ ಅದು ಸುಟ್ಟು ಹೋಗುತ್ತೆ. ಹಾಗಾಗಿ ಕೂದಲೆಳೆ ಅಂತರದಲ್ಲಿ ನಿಮ್ಮೆಜಮಾನ್ರು ಗೆದ್ರು. ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತಮೇಲೇ ನೀರಿಗೆ ಕೈ ಹಾಕಿ, ಅದು ಇಬ್ಬರಿಗೂ.

ಪ್ರಶ್ನೆ: ಸರ್, 2 ಕೆಜಿ ನೀರನ್ನ 25ರಿಂದ 75 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸೋ ಲೆಕ್ಕದಲ್ಲಿ ನಾನು ಕೆಲ್ವಿನ್ ಮಾಡ್ಬೇಕು ಅಂತ 50ಕ್ಕೆ 273 ಕೂಡಿಸಿ 323 ಹಾಕಿದೆ, ಮಾರ್ಕ್ಸ್ ಸೊನ್ನೆ. ಯಾಕೆ? (ಪಿಯುಸಿ ವಿದ್ಯಾರ್ಥಿ, ಹಾಸನ)

ಉತ್ತರ: ತಮ್ಮಾ, ಈ ತಪ್ಪು ಮಾಡಿರೋರು ನೀನೊಬ್ಬನೇ ಅಲ್ಲ, ನಾನೂ ಮಾಡಿದೀನಿ. 25 ಅಂದ್ರೆ 298 ಕೆಲ್ವಿನ್, 75 ಅಂದ್ರೆ 348 ಕೆಲ್ವಿನ್, ಕಳೆದು ನೋಡು, ಮತ್ತೆ 50ನೇ. ಇಬ್ಬರು ಒಂದೇ ಜಗಲಿ ಮೇಲೆ ಹತ್ತಿ ನಿಂತ್ರೆ ಅವರ ಎತ್ತರದ ವ್ಯತ್ಯಾಸ ಏನಾದ್ರೂ ಬದಲಾಗುತ್ತಾ? 273 ಅನ್ನೋದು ಆ ಜಗಲಿ.

1 ಕೆಜಿ ನೀರು 1 ಡಿಗ್ರಿ ಏರೋಕೆ 4186 ಜೂಲ್ ಶಾಖ ಬೇಕು, ಹಾಗಾಗಿ ಸರಿ ಉತ್ತರ 2 ಇಂಟು 4186 ಇಂಟು 50, ಅಂದ್ರೆ 4,18,600 ಜೂಲ್. ನಿನಗೆ ಬಂದಿದ್ದು 27 ಲಕ್ಷ ಜೂಲ್. ಅಷ್ಟು ಶಾಖ ನಿಜವಾಗ್ಲೂ ಕೊಟ್ಟಿದ್ರೆ ನೀರು 75ಕ್ಕೆ ನಿಲ್ತಿರ್ಲಿಲ್ಲಪ್ಪ, ಕುದ್ದು ಕುದ್ದು ಹೆಚ್ಚುಕಮ್ಮಿ ಅರ್ಧ ಆವಿಯಾಗಿ ಹೋಗಿರೋದು! ಉತ್ತರ ಬಂದ್ಮೇಲೆ ಹಿಂಗೊಂದ್ಸಲ ಪಾತ್ರೆ ಕಣ್ಮುಂದೆ ತಂದ್ಕೊಂಡು ನೋಡು.

ಪ್ರಶ್ನೆ: ನಮ್ಮ ಊರ ಮನೆ ಬಚ್ಚಲಲ್ಲಿ ತಾಮ್ರದ ಹಂಡೆ, 40 ಲೀಟರ್ ಹಿಡಿಯುತ್ತೆ, ಒಲೆಗೆ ಅಡಿಕೆ ಹಾಳೆ, ಸೌದೆ. ಅಷ್ಟು ದಪ್ಪ ಹಂಡೆ ಬಿಸಿ ಆಗೋಕೇ ಅರ್ಧ ಸೌದೆ ಖರ್ಚಾಗುತ್ತೆ ಅಂತಾನೆ ನನ್ನ ತಮ್ಮ, ಅಲ್ಯೂಮಿನಿಯಂ ತರೋಣ ಅಂತಿದಾನೆ. (ಓದುಗರು, ತೀರ್ಥಹಳ್ಳಿ)

ಉತ್ತರ: ಖಂಡಿತ ಬೇಡ, ಹಂಡೆ ಇಟ್ಕೊಳ್ಳಿ. ಒಂದೇ ತೂಕಕ್ಕೆ ಒಂದೇ ಡಿಗ್ರಿ ಏರೋಕೆ ತಾಮ್ರಕ್ಕೆ ಬೇಕಾಗೋದು ನೀರಿಗೆ ಬೇಕಾಗೋದ್ರಲ್ಲಿ 11ರಲ್ಲಿ 1 ಭಾಗ. ನಿಮ್ಮ ಹಂಡೆ 10 ಕೆಜಿ ತೂಗಿದ್ರೂ ಅದು ಕುಡಿಯೋ ಶಾಖ 1 ಲೀಟರ್ ನೀರಿಗಿಂತ ಕಮ್ಮಿ, ಒಳಗೆ 40 ಲೀಟರ್ ಇದ್ಯಲ್ಲಾ, ಹೊಟ್ಟೆಬಾಕ ಅದು. ಸೌದೆ ಹೋಗ್ತಿರೋದು ಹಂಡೆಗಲ್ಲ, ಹೊಗೆ ಜೊತೆ ಗೂಡಿಂದ ಆಚೆಗೆ. ಒಲೆ ಬಾಯಿ, ಹಂಡೆ ಸುತ್ತಲಿನ ಸಂದಿ ಸರಿ ಮಾಡಿಸಿ, ಮೇಲೊಂದು ಮುಚ್ಚಳ ಹಾಕಿ.

ಪ್ರಶ್ನೆ: ಬೇಳೆ ಕುದಿ ಬಂದ್ಮೇಲೂ ಉರಿ ಜೋರಾಗೇ ಇಟ್ರೆ ಬೇಗ ಬೇಯುತ್ತಾ? (ಹಾಸ್ಟೆಲ್ ಬಿಟ್ಟು ರೂಮ್ ಮಾಡಿರೋ ಹುಡುಗ, ಬೆಂಗಳೂರು)

ಉತ್ತರ: ಇಲ್ಲ. ಕುದಿ ಬಂದಮೇಲೆ ಡಿಗ್ರಿ ಏರೋದೇ ಇಲ್ಲ, ಬೆಂಗಳೂರು ಎತ್ತರದಲ್ಲಿರೋದ್ರಿಂದ ಸುಮಾರು 97ಕ್ಕೇ ಕುದಿ ಬಂದು ಅಲ್ಲೇ ನಿಲ್ಲುತ್ತೆ, ಹಾಗಾಗಿ ಮೇಲೆ ಹೇಳಿದ ಗುಣಾಕಾರ ಇಲ್ಲಿ ನಡೆಯಲ್ಲ. ಹಂಗಾದ್ರೆ ಕೊಟ್ಟ ಶಾಖ ಎಲ್ಲೋಯ್ತು ಅಂತ 1760ರ ದಶಕದಲ್ಲೇ ಸ್ಕಾಟ್ಲೆಂಡಿನ ವಿಜ್ಞಾನಿ ಜೋಸೆಫ್ ಬ್ಲ್ಯಾಕ್ ತಲೆ ಕೆಡಿಸ್ಕೊಂಡು, ಒಲೆ ಮೇಲೆ ನೀರಿಟ್ಟು ಕುದಿ ಬರೋಕೆ ಎಷ್ಟು ಹೊತ್ತು, ಪೂರ್ತಿ ಆರೋಕೆ ಎಷ್ಟು ಹೊತ್ತು ಅಂತ ಹೋಲಿಸಿ ನೋಡಿದ. ಹಿಂಗೆ ಡಿಗ್ರಿ ಏರಿಸದೆ ನೀರನ್ನ ಆವಿ ಮಾಡೋಕೇ ಖರ್ಚಾಗೋ ಶಾಖನ್ನೇ ನಾವು ಗುಪ್ತೋಷ್ಣ ಅಂತೀವಿ. 1 ಲೀಟರ್ ನೀರು 22ರಿಂದ 97ಕ್ಕೆ ಏರೋಕೆ 75 ಕಿಲೋ ಕ್ಯಾಲರಿ, ಅದೇ ನೀರು ಪೂರ್ತಿ ಆವಿಯಾಗೋಕೆ 540ರ ಮೇಲೆ. ಜೋರು ಉರಿಯಲ್ಲಿ ನಿನ್ನ ಗ್ಯಾಸ್ ಹೋಗೋದು ಆ 540ಕ್ಕೆ, ಬೇಳೆಗಲ್ಲ. ಕುದಿ ಬಂತಾ, ಉರಿ ಸಣ್ಣ ಮಾಡಿ ತಟ್ಟೆ ಮುಚ್ಚು. ಸ್ವಲ್ಪ ದುಡ್ಡು ಕೂಡಿದ್ರೆ ಒಂದು ಕುಕ್ಕರ್ ತಗೋ, ಅದ್ರೊಳಗೆ ಒತ್ತಡ ಜಾಸ್ತಿ ಆಗಿ ನೀರು 115, 120ರವರೆಗೂ ಏರುತ್ತೆ, ಬೇಳೆ ಬೇಗ ಬೇಯೋದು ಅದಕ್ಕೇ.