ಹಾಲಿನ ಏಳುನೂರು, ಗುಟ್ಟಿನ ಸಾವಿರದ ಇನ್ನೂರು

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬರುವವರಲ್ಲಿ ಸಾಲದ ಬಗ್ಗೆ ಮಾತಾಡಬೇಕು ಅಂತ ಯಾರೂ ಬರುವುದಿಲ್ಲ. ನಿದ್ದೆ ಇಲ್ಲ ಅಂತ ಬರುತ್ತಾರೆ. ತಲೆನೋವು, ಎದೆ ಡವಡವ, ಮಕ್ಕಳ ಮೇಲೆ ಸುಮ್ಸುಮ್ನೆ ರೇಗ್ತೀನಿ ಅಂತ ಬರುತ್ತಾರೆ. ಅರ್ಧ ಗಂಟೆ ಆದಮೇಲೆ ಸಂಘ (ಮೈಕ್ರೋಫೈನಾನ್ಸ್ ಕಂಪನಿಯವರು ಹೆಂಗಸರ ಗುಂಪು ಮಾಡಿ ಕೊಡುವ ಸಾಲ), ಕಂತು, ಬಡ್ಡಿ ಎಲ್ಲ ಒಂದೊಂದಾಗಿ ಹೊರಗೆ ಬರುತ್ತದೆ. ಹಾಸನದಲ್ಲಿ ಇದು ಎಷ್ಟು ಮಾಮೂಲಿ ಆಗಿದೆ ಅಂದರೆ, ದುಡಿಯುವ ಹೆಂಗಸು ತಲೆನೋವು ಅಂದರೆ ಮನೆಯ ಲೆಕ್ಕವನ್ನೂ ಕೇಳುವುದು ನನಗೆ ರೂಢಿಯಾಗಿಬಿಟ್ಟಿದೆ.

ಸರೋಜ ಅವರನ್ನೂ ಡಾಕ್ಟರು ತಲೆನೋವಿಗೆ ಅಂತಲೇ ಕಳಿಸಿದ್ದು. ಹೆಸರು ಬೇರೆ, ಒಂದೆರಡು ವಿವರ ಬದಲಾಯಿಸಿದ್ದೇನೆ. ಗಾರ್ಮೆಂಟ್ಸ್‌ನಲ್ಲಿ ಕೆಲಸ, ಕೈಗೆ ಬರುವುದು 11 ಸಾವಿರ ಚಿಲ್ಲರೆ. ಗಂಡ ಪೇಂಟಿಂಗ್ ಕೆಲಸದವರು. ಒಳ್ಳೆಯ ದಿನಗಳಲ್ಲಿ ತಿಂಗಳಿಗೆ 14 ಸಾವಿರದವರೆಗೂ ದುಡಿಯುತ್ತಾರೆ, ಮಳೆಗಾಲದಲ್ಲಿ ಅರ್ಧ. ಮನೆಯಲ್ಲಿ ಅತ್ತೆ, ಕಾಲೇಜಿಗೆ ಹೋಗುವ ಮಗಳು, ಹೈಸ್ಕೂಲಿನ ಮಗ. ಬಾಡಿಗೆ 4,500. ಕುಡಿತ ಇಲ್ಲ, ಹೊಡೆತ ಇಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ.

ಜೊತೆಗೆ ಬಂದಿದ್ದ ಗಂಡ ಹೊರಗೆ ಕೂರುವ ಮುಂಚೆ ನನಗೊಂದು ಮಾತು ಹೇಳಿದರು. "ಖರ್ಚು ಹೆಂಗೆ ಕಡಿಮೆ ಮಾಡ್ಬೇಕು ಅಂತ ಸ್ವಲ್ಪ ಹೇಳ್ಕೊಡಿ ಮೇಡಂ. ತಿಂಗಳ ಕೊನೆಗೆ ಒಂದು ರೂಪಾಯಿ ಇರಲ್ಲ."

ಆ ಹೆಂಗಸಿಗೆ ಉಳಿತಾಯ ಹೇಳಿಕೊಡುವವರು ಇನ್ನೂ ಹುಟ್ಟಿಲ್ಲ. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದಿಟ್ಟಿದ್ದರು. ಕೊತ್ತಂಬರಿ ಸೊಪ್ಪು 5, ಹಸಿಮೆಣಸು 10, ಬೆಂಕಿಪೊಟ್ಟಣ 2. ಸೋಪನ್ನು ದಾರದಲ್ಲಿ ಎರಡು ಭಾಗ ಮಾಡಿ ಒಂದನ್ನು ಎತ್ತಿಡುವುದು. ಸ್ನಾನದ ನೀರಿಗೆ ಸೌದೆ ಒಲೆ, ಗ್ಯಾಸ್ ಅಡುಗೆಗೆ ಮಾತ್ರ. ಉಪ್ಸಾರಿಗೆ ಸೊಪ್ಪು ಉಂಟು, ಕಾಳು ಹಾಕುವುದು ವಾರಕ್ಕೊಂದು ಸಲ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ಹೇಗೂ ಟಿಕೆಟ್ ದುಡ್ಡು ಕೊಡಬೇಕಿಲ್ಲ. ಹಾಲು ನಿಲ್ಲಿಸಿ ತಿಂಗಳುಗಳೇ ಆಗಿದ್ದವು. ಇಷ್ಟು ಹಿಡಿದು ಬಾಳುವ ಮನೆಯಲ್ಲಿ ತಿಂಗಳ ಕೊನೆಗೆ ದುಡ್ಡು ಉಳಿಯುತ್ತಿಲ್ಲ ಅಂದರೆ, ತೂತು ಅಡುಗೆಮನೆಯಲ್ಲಿಲ್ಲ.

ನೋಟ್‌ಬುಕ್ಕನ್ನು ಸುಮ್ಮನೆ ತಿರುವಿ ಹಾಕುತ್ತಿದ್ದೆ. ಹಿಂದಿನಿಂದ ಬಂದರೆ ಕೊನೆಯ ಎರಡು ಹಾಳೆಯಲ್ಲಿ, ಸಣ್ಣ ಅಕ್ಷರದಲ್ಲಿ, ಬೇರೆಯೇ ಲೆಕ್ಕ. ಅಲ್ಲಿ ಹೆಸರಿಲ್ಲ. "ಸಂ 3170", "ಐ 1000". ಏನಿದು ಅಂತ ಕೇಳಿದೆ. ನೋಟ್‌ಬುಕ್ ನನ್ನ ಕೈಯಿಂದ ಮೆಲ್ಲಗೆ ವಾಪಸ್ ತಗೊಂಡರು. ಆಮೇಲೆ ಅಳು.

ಅತ್ತು ಮುಗಿದ ಮೇಲೆ ತಿಳಿದದ್ದು ಇಷ್ಟು. ಸರೋಜ ಅವರ ತಮ್ಮ ಆಲೂರು ಕಡೆ ಆಲೂಗಡ್ಡೆ ಹಾಕಿದ್ದ. ಬಿತ್ತನೆ ಗಡ್ಡೆಯನ್ನು ಪ್ರತಿ ವರ್ಷ ದುಡ್ಡು ಕೊಟ್ಟೇ ತರಬೇಕು. ಜಲಂಧರ್‌ನಿಂದ ಲಾರಿಯಲ್ಲಿ ಹಾಸನದ ಮಾರ್ಕೆಟ್ಟಿಗೆ ಬರುತ್ತದೆ. ಗೊಬ್ಬರ, ಔಷಧಿ ಬೇರೆ. ಅಕ್ಕ ಸಂಘದಲ್ಲಿ ತನ್ನ ಹೆಸರಿಗೆ 60 ಸಾವಿರ ಎತ್ತಿಕೊಟ್ಟಳು, ಕಂತು ನಾನೇ ಕಟ್ತೀನಿ ಅಂತ ತಮ್ಮ ಹೇಳಿದ. ಮೋಡ ಮುಚ್ಚಿಕೊಂಡು ಜಡಿಮಳೆ ಹಿಡಿಯಿತು, ಅಂಗಮಾರಿ ರೋಗ ಬಂತು, ಗಿಡ ಕಪ್ಪಾಗಿ ಹೋಯಿತು. ಎರಡು ಕಂತು ಕಟ್ಟಿ ತಮ್ಮ ಕೈಚೆಲ್ಲಿದ. ಸಂಘದಲ್ಲಿ ಒಬ್ಬಳು ಕಟ್ಟದಿದ್ದರೆ ಗುಂಪಿನ ಹೆಂಗಸರೆಲ್ಲ ಕಾದು ಕೂರಬೇಕು, ಇಲ್ಲವೇ ಅವರೇ ಕೈಯಿಂದ ಹಾಕಬೇಕು. ಆ ಮರ್ಯಾದೆಗೆ ಅಂಜಿ ಬೀದಿಯ ಒಬ್ಬರ ಹತ್ತಿರ 20 ಸಾವಿರ ಕೈಸಾಲ. ಐದು ರೂಪಾಯಿ ಬಡ್ಡಿ. ಅಂದರೆ ತಿಂಗಳಿಗೆ ಸಾವಿರ ಬಡ್ಡಿಗೇ ಹೋಗುತ್ತದೆ, ಅಸಲು ಹಾಗೇ ಇರುತ್ತದೆ. ವರ್ಷಕ್ಕೆ ಲೆಕ್ಕ ಹಾಕಿದರೆ ನೂರಕ್ಕೆ ಅರವತ್ತು.

ಗಂಡನಿಗೆ ಇದು ಯಾವುದೂ ಗೊತ್ತಿಲ್ಲ.

ಇಂಥ ಮಾತು ಬಂದಾಗಲೆಲ್ಲ ಸಾಯುವ ಯೋಚನೆ ಬರುತ್ತಾ ಅಂತ ನಾನು ನೇರವಾಗಿ ಕೇಳುತ್ತೇನೆ. ಕೇಳಿದರೆ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಕೇಳಿದರೆ ಎದೆಯ ಭಾರ ಸ್ವಲ್ಪ ಇಳಿಯುತ್ತದೆ. ಸರೋಜ ಅವರಿಗೆ ಆ ಯೋಚನೆ ಇರಲಿಲ್ಲ. ನಿಮಗೋ ನಿಮ್ಮವರಿಗೋ ಬರುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಯಾವ ಹೊತ್ತಿನಲ್ಲಾದರೂ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಸಲ ಗಂಡನನ್ನೂ ಒಳಗೆ ಕೂರಿಸುತ್ತೇನೆ, ಸಾಲದ ವಿಷಯ ನೀವೇ ಹೇಳಬೇಕು ಅಂತ ಹೇಳಿದೆ. ಒಪ್ಪಲಿಲ್ಲ. "ತವರಿಗೆ ಕೊಟ್ಟಿದ್ದು ಅಂತ ಗೊತ್ತಾದ್ರೆ ಜೀವಮಾನ ಆಡ್ಕೋತಾರೆ ಮೇಡಂ." ನಾನು ಬಲವಂತ ಮಾಡಲಿಲ್ಲ. ಆದರೆ ಬಿಡಲೂ ಇಲ್ಲ. ಕೊನೆಗೆ ಅವರೇ ದಿನ ಗೊತ್ತು ಮಾಡಿಕೊಂಡರು.

ಆ ದಿನ ಇಬ್ಬರಿಗೂ ಒಂದೊಂದು ಚೀಟಿ ಕೊಟ್ಟೆ. ನಿಮ್ಮ ಮನೆಗೆ ಒಟ್ಟು ಎಷ್ಟು ಸಾಲ ಇದೆ ಬರೀರಿ, ಒಬ್ಬರದ್ದು ಇನ್ನೊಬ್ಬರು ನೋಡಬೇಡಿ ಅಂದೆ. ಗಂಡ ಬರೆಯುವ ಮುಂಚೆ ನಕ್ಕರು. "ಏನು ಕೇಳಿದ್ರೂ ಸಾಲ ಐತೆ ಅಂತಾಳೆ ಮೇಡಂ. ಎಷ್ಟೈತೆ ಅಂದ್ರೆ ನಿಮಗ್ಯಾಕೆ ಅಂತಾಳೆ." ಬರೆದರು: 48,000. ಅವರಿಗೆ ಗೊತ್ತಿದ್ದದ್ದು ಗಿರವಿ ಅಂಗಡಿಯಲ್ಲಿ ಸರ ಇಟ್ಟು ತಂದ 30 ಸಾವಿರ, ಮಗಳ ಫೀಸಿಗೆ ಮಾಡಿದ ಇನ್ನೊಂದು ಸಂಘದ ಸಾಲದಲ್ಲಿ ಉಳಿದ 18 ಸಾವಿರ. ಸರೋಜ ಅವರ ಚೀಟಿಯಲ್ಲಿ 1,09,000 ಇತ್ತು, ತಮ್ಮನಿಗೆ ಎತ್ತಿದ ಸಾಲದಲ್ಲಿ ಉಳಿದ 41 ಸಾವಿರ, ಕೈಸಾಲದ 20 ಸಾವಿರವೂ ಸೇರಿ.

ಎರಡೂ ಚೀಟಿಯನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ. ಅವರು ಹೆಂಡತಿಯ ಚೀಟಿಯನ್ನು ಎರಡು ಸಲ ಓದಿದರು. ಒಂದು ಸೊನ್ನೆ ಜಾಸ್ತಿ ಬಿದ್ದಿದೆಯೇನೋ ಅಂತ ನೋಡುವ ಹಾಗೆ. ಆಮೇಲೆ ಸರೋಜ ಹೇಳಿದರು, ಎಲ್ಲವನ್ನೂ, ನೆಲ ನೋಡಿಕೊಂಡು.

ತಮ್ಮನ ಹೆಸರು ಬಂದಾಗ ಜಗಳ ಆಗುತ್ತದೆ ಅಂತ ನಾನು ಎಣಿಸಿದ್ದೆ. ಅವರಿಗೆ ಸಿಟ್ಟು ಬಂದದ್ದು ಬೇರೆ ಕಡೆ. "ಅವ್ವನ ಹಾಲು ನಿಲ್ಸಿದ್ದು ಇದಕ್ಕಾ?" ಅಂದರು. "ವಯಸ್ಸಾದವಳು, ರಾತ್ರಿ ಒಂದು ಲೋಟ ಹಾಲು ಕುಡೀತಿದ್ಲು. ದುಡ್ಡಿಲ್ಲ ಅಂತ ನಾನೂ ಸುಮ್ನಿದ್ದೆ."

ಸರೋಜ ತಲೆ ಎತ್ತಿದರು. "ಅವ್ವನ ಹಾಲು ಕಾಣ್ತು ನಿಮಗೆ. ನಾನು ಬೆಳಗ್ಗಿನ ತಿಂಡಿ ಬಿಟ್ಟು ಆರು ತಿಂಗಳಾಯ್ತು. ಅದು ಯಾರಿಗೂ ಕಾಣ್ಲಿಲ್ಲ."

ಬೆಳಗ್ಗೆ ಬರೀ ಟೀ, ಅದೂ ಹಾಲಿಲ್ಲದ್ದು, ಕುಡಿದು ಫ್ಯಾಕ್ಟರಿಗೆ ಹೋಗುತ್ತಿದ್ದರು. ಮಧ್ಯಾಹ್ನದವರೆಗೂ ಮಿಷನ್ ಮುಂದೆ. ಡಾಕ್ಟರ ಚೀಟಿಯಲ್ಲಿ ರಕ್ತ ಕಡಿಮೆ ಅಂತ ಬರೆದಿತ್ತು, ಮಾತ್ರೆಯನ್ನೂ ಕೊಟ್ಟಿದ್ದರು. ತಿಂಡಿ ತಿಂತೀಯೇನಮ್ಮ ಅಂತ ಅಲ್ಲಿ ಯಾರೂ ಕೇಳಿರಲಿಲ್ಲ. ಗಂಡ ಏನೂ ಮಾತಾಡಲಿಲ್ಲ. ಅವತ್ತು ಮಿಕ್ಕಿದ್ದೆಲ್ಲ ಲೆಕ್ಕ.

ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಿರವಿ ಅಂಗಡಿಯ 30 ಸಾವಿರಕ್ಕೆ ಎರಡು ರೂಪಾಯಿ ಬಡ್ಡಿ, ತಿಂಗಳಿಗೆ 600. ಕೈಸಾಲಕ್ಕೆ 1,000. ಎರಡೂ ಸೇರಿ 1,600, ಬರೀ ಬಡ್ಡಿ. ಸರ ಅಡ ಇಟ್ಟ ಮೇಲೆ ಚಿನ್ನದ ಬೆಲೆ ಎಲ್ಲಿಗೋ ಹೋಗಿದೆ. ಅದೇ ಸರಕ್ಕೆ ಬ್ಯಾಂಕಿನಲ್ಲಿ 50 ಸಾವಿರ ಸಿಗುತ್ತಿತ್ತು, ಬಡ್ಡಿ ತಿಂಗಳಿಗೆ 400ರ ಆಸುಪಾಸು. ಅದರಲ್ಲಿ ಗಿರವಿಯೂ ತೀರುತ್ತದೆ, ಕೈಸಾಲವೂ ತೀರುತ್ತದೆ. ತಿಂಗಳಿಗೆ 1,200 ಉಳಿಯುತ್ತದೆ. ಆದರೆ ಬ್ಯಾಂಕಿಗೆ ಹೋಗುವ ಮೊದಲು ಸರ ಬಿಡಿಸಿಕೊಳ್ಳಬೇಕಲ್ಲ. ಒಂದು ದಿನದ ಮಟ್ಟಿಗೆ 30 ಸಾವಿರ ಯಾರು ಕೊಡುತ್ತಾರೆ? ಗಂಡನ ಅಕ್ಕನ ಹತ್ತಿರ ಇತ್ತು. ಕೇಳಬೇಕಾದವರು ಗಂಡ. ಗಂಡನಿಗೆ ಗೊತ್ತಾಗಬಾರದು. ಹಾಗಾಗಿ ಅಷ್ಟು ತಿಂಗಳೂ 1,200 ಸುಮ್ಮನೆ ಹೋಯಿತು. ಹಾಲು ನಿಲ್ಲಿಸಿ ಉಳಿಸಿದ್ದು ತಿಂಗಳಿಗೆ 700.

ಅತ್ತಿಗೆ ಬೆಳಗ್ಗೆ ದುಡ್ಡು ತಂದುಕೊಟ್ಟರು, ಸಂಜೆಗೆ ವಾಪಸ್ ತಗೊಂಡರು. ಒಂದು ಮಾತು ಅಂದರಂತೆ, ಅನ್ನದೆ ಇರುತ್ತಾರಾ.

ಆ 1,200ರ ವಿಷಯದಲ್ಲಿ ನಾನು ಕೊಟ್ಟ ಸಲಹೆಗೆ ಬೈಸಿಕೊಂಡಿದ್ದೇನೆ. 700 ಹಾಲಿಗೆ, 500 ಅಂಚೆ ಕಚೇರಿಯ ಉಳಿತಾಯ ಖಾತೆಗೆ ಅಂದೆ. ಅಸಲು ತೀರಿಸೋಕೆ ಒಂದು ಪೈಸೆಯನ್ನೂ ಹೇಳಲಿಲ್ಲ. ಬ್ಯಾಂಕಿನಿಂದ ರಿಟೈರ್ ಆದ ನನ್ನ ನೆಂಟರೊಬ್ಬರಿಗೆ ಇದನ್ನು ಹೇಳಿದಾಗ, "ಸಂಘದ ಸಾಲಕ್ಕೆ ನೂರಕ್ಕೆ ಇಪ್ಪತ್ತನಾಲ್ಕು ಕಟ್ಟಿ, ಪೋಸ್ಟಾಫೀಸಲ್ಲಿ ನಾಲ್ಕಕ್ಕೆ ಇಡೋದಾ? ಇದ್ಯಾವ ಲೆಕ್ಕ?" ಅಂದರು. ಕಾಗದದ ಮೇಲೆ ಅವರು ಹೇಳಿದ್ದೇ ಸರಿ. ಆದರೆ ಆ ಐದು ರೂಪಾಯಿ ಬಡ್ಡಿಯ ಸಾಲ ಹುಟ್ಟಿದ್ದು ಯಾಕೆ? ಕಂತಿನ ದಿನ ಕೈಯಲ್ಲಿ ಮೂರು ಸಾವಿರ ಇರಲಿಲ್ಲ ಅಂತ. ಇದ್ದಬದ್ದ ದುಡ್ಡನ್ನೆಲ್ಲ ಸಾಲಕ್ಕೆ ಸುರಿಯುವ ಮನೆಗೆ ಮಗುವಿಗೆ ಒಂದು ಜ್ವರ ಬಂದರೂ ಸಾಕು, ಮತ್ತೆ ಅದೇ ಬಾಗಿಲಿಗೆ ಹೋಗುತ್ತಾರೆ. ಅಂಥವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ಆ 500 ಬಡ್ಡಿ ಬರಲಿ ಅಂತ ಇಡುವ ದುಡ್ಡಲ್ಲ.

ಹಾಲಿನ ಮಾತಿಗೂ ಆಕ್ಷೇಪ ಬಂತು, ಅದೂ ಸರೋಜ ಅವರಿಂದಲೇ. "ಸಾಲ ಇಟ್ಕೊಂಡು ಹಾಲು ಕುಡಿಯೋದಾ ಮೇಡಂ?" ಕುಡೀರಿ ಅಂದೆ. ಬೆಳಗ್ಗೆ ರೊಟ್ಟಿನೋ ಚಿತ್ರಾನ್ನಾನೋ ತಿಂದೇ ಹೋಗಿ, ಅದನ್ನೂ ನೋಟ್‌ಬುಕ್ಕಿನ ಮುಂದಿನ ಹಾಳೆಯಲ್ಲಿ ಬರೀರಿ ಅಂದೆ. ಕಂತಿಗಿಂತ ಮೇಲಿನ ಸಾಲಿನಲ್ಲಿ. ಬಡತನದಲ್ಲಿ ಮನೆಯ ಖರ್ಚು ಇಳಿಯುತ್ತದೆ ಅಂತ ನಾವು ಹೇಳುತ್ತೇವೆ. ಮೊದಲು ಇಳಿಯುವುದು ಯಾರ ತಟ್ಟೆಯದ್ದು ಅಂತ ನೋಡುವುದಿಲ್ಲ. ಆಕೆ ಹಾಸಿಗೆ ಹಿಡಿದರೆ ತಿಂಗಳಿಗೆ 11 ಸಾವಿರ ನಿಲ್ಲುತ್ತದೆ. ನನ್ನ ಮಾತು ಹೃದಯಕ್ಕೆ ನಾಟದವರಿಗೆ ಈ ಲೆಕ್ಕವನ್ನಾದರೂ ಕೊಡುತ್ತೇನೆ.

ಸಂಘದ ಸಾಲದ ಬಗ್ಗೆ ಎರಡು ವಿಷಯ ತಿಳಿದಿರಲಿ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಒಂದು ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಸರೋಜ ಅವರ ಮನೆಯಲ್ಲಿ ಎಲ್ಲ ಸೇರಿ 6,885 ಇತ್ತು, ಅರ್ಧಕ್ಕಿಂತ ಎಷ್ಟೋ ಕಡಿಮೆ. ನಿಯಮದ ಲೆಕ್ಕದಲ್ಲಿ ಇದು ಆರಾಮಾಗಿರುವ ಮನೆ! ಹಾಗಾಗಿ ಕಂಪನಿಯವರು ಕೊಡ್ತೀವಿ ಅಂದರು ಅಂತ ತೀರಿಸೋ ಶಕ್ತಿ ನಮಗಿದೆ ಅಂದುಕೊಳ್ಳಬೇಡಿ. ಇನ್ನೊಂದು, ಇಂಥ ಸಾಲದ ವಸೂಲಿಗೆ ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ, ಮನೆಗೆ ಬರುವಂತಿಲ್ಲ. ಅವಧಿಗೆ ಮೊದಲೇ ಪೂರ್ತಿ ತೀರಿಸಿದರೆ ದಂಡ ಹಾಕುವಂತಿಲ್ಲ. ಕಿರುಕುಳ ಕೊಟ್ಟು ವಸೂಲಿ ಮಾಡುವವರ ಮೇಲೆ ನಮ್ಮ ರಾಜ್ಯದಲ್ಲಿ 2025ರಲ್ಲಿ ಬೇರೆ ಕಾನೂನೇ ಬಂದಿದೆ. ಪೊಲೀಸರಿಗೆ ದೂರು ಕೊಡಬಹುದು.

ಈಗ ಆಗಲೇ ಹೇಳಿದ ಮಾತಿಗೆ ಬರುತ್ತೇನೆ. ಗಂಡನಿಗೆ ಹೇಳಿ ಅನ್ನುವ ಸಲಹೆಯನ್ನು ನಾನು ಎಲ್ಲರಿಗೂ ಕೊಡುವುದಿಲ್ಲ. ಕೈ ಎತ್ತುವ ಗಂಡ, ಕುಡಿದು ಬಂದು ಸರ ಎಲ್ಲಿ ಅಂತ ಹುಡುಕುವ ಗಂಡ ಇದ್ದಾಗ ಆ ಗುಟ್ಟೇ ಆಕೆಯ ರಕ್ಷಣೆ ಆಗಿರಬಹುದು. ಅಲ್ಲಿ ದಾರಿ ಬೇರೆ, ಮಹಿಳಾ ಸಹಾಯವಾಣಿ 181 ಅದಕ್ಕೇ ಇರುವುದು. ಸರೋಜ ಅವರ ಮನೆಯಲ್ಲಿ ಇದ್ದದ್ದು ಹೊಡೆತದ ಭಯವಲ್ಲ, ಆಡಿಕೊಳ್ಳುವ ಭಯ. ಆ ಭಯವೂ ಸುಳ್ಳಾಗಲಿಲ್ಲ. ಈಗಲೂ ಆಲೂಗಡ್ಡೆ ಪಲ್ಯ ಮಾಡಿದ ದಿನ ಗಂಡ ಒಂದು ಮಾತು ಅಂದೇ ಅನ್ನುತ್ತಾರಂತೆ. ನಮ್ಮನೇಲಿ ಇಷ್ಟು ದುಬಾರಿ ಆಲೂಗಡ್ಡೆ ಇನ್ನೊಂದಿಲ್ಲ ಅಂತ. ಮೊದಲು ಅಳು ಬರುತ್ತಿತ್ತು, ಈಗ ನಾನೂ ತಿರುಗಿಸಿ ಕೊಡ್ತೀನಿ ಅಂದರು.

ತಮ್ಮನ ಕಥೆ ಇನ್ನೂ ಹಾಗೇ ಇದೆ. ಅವನ ಹತ್ತಿರ ಪೂರ್ತಿ ಬೇಡ, ಜೋಳದ ದುಡ್ಡು ಬಂದಾಗ ಇಷ್ಟು ಅಂತ ಒಂದು ಮೊತ್ತ ಹೇಳಿ ಕೇಳಿ ಅಂದಿದ್ದೆ. ಕೇಳಿದ್ದಾರೆ. ಅರ್ಧ ಕೊಟ್ಟಿದ್ದಾನೆ, ಮುಖ ಊದಿಸಿಕೊಂಡು. ತಾಯಿ ಮಗಳ ಮೇಲೆ ಬೇಜಾರಾಗಿದ್ದಾರೆ. ಇದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ.

ತಲೆನೋವು ಪೂರ್ತಿ ಹೋಗಿಲ್ಲ, ವಾರಕ್ಕೊಮ್ಮೆಗೆ ಇಳಿದಿದೆ. ಮಗಳ ಫೀಸಿನ ಸಂಘದ ಸಾಲ ತೀರಿತು. ತೀರಿದ ವಾರವೇ ಸಂಘದವರು, ನೀವು ಸರಿಯಾಗಿ ಕಟ್ಟಿದ್ದೀರಿ, ಈ ಸಲ 80 ಸಾವಿರ ಕೊಡ್ತೀವಿ ಅಂದರಂತೆ. ಸರೋಜ ಆ ರಾತ್ರಿಯೇ ಗಂಡನಿಗೆ ಹೇಳಿದ್ದಾರೆ. ಗಂಡನಿಗೆ ಸೆಕೆಂಡ್ ಹ್ಯಾಂಡ್ ಬೈಕ್ ಆಸೆ, ದೂರದ ಕೆಲಸ ಹಿಡಿಯಬಹುದು ಅನ್ನುವ ಲೆಕ್ಕ. ಇವರಿಗೆ ಬೇಡ. ಮುಂದಿನ ವಾರ ಇಬ್ಬರೂ ಅದೇ ಜಗಳ ತಗೊಂಡು ನನ್ನ ಹತ್ತಿರ ಬರುತ್ತಾರಂತೆ.