ಅಟ್ಟದೊಳಗೆ 20 ಮೀಟರ್ ಡೈಪೋಲ್: ಕಟ್ಟುವ ಮುಂಚೆ ಇಷ್ಟು ನೋಡಿಕೊಳ್ಳಿ

ನಮಸ್ಕಾರ. ಹೊರಗೆ ತಂತಿ ಕಟ್ಟಲು ಬಿಡುವುದಿಲ್ಲ, ಅಟ್ಟದಲ್ಲಿ ಹ್ಯಾಮ್ (ಹವ್ಯಾಸಿ) ರೇಡಿಯೋಗೆ 20 ಮೀಟರ್ ಡೈಪೋಲ್, ಅಂದರೆ 14 ಮೆಗಾಹರ್ಟ್ಸ್ ಬ್ಯಾಂಡಿನ ಎರಡು ತೋಳಿನ ತಂತಿ ಆಂಟೆನಾ ಹಾಕಿ 100 ವ್ಯಾಟ್ ಬಿಡಬಹುದಾ, ಕೆಳಗೇ ಮಲಗುವ ಕೋಣೆ ಇದೆ ಅಂತ ಕೇಳಿದ್ದೀರಿ. ಹಾಕಬಹುದು. 100 ವ್ಯಾಟ್ ಮಾತ್ರ ಬೇಡ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಚಾವಣಿ ನೋಡಿ. ಹೆಂಚು, ಮರ ಆದರೆ ತೊಂದರೆಯಿಲ್ಲ. ತಗಡಿನ ಚಾವಣಿ, ಇಲ್ಲವೇ ಶಾಖ ತಡೆಯಲು ಅಲ್ಯೂಮಿನಿಯಂ ಹಾಳೆ ಹೊಡೆದಿದ್ದರೆ ಈ ಆಸೆ ಬಿಡಿ. ಸಿಗ್ನಲ್ ಒಳಗೇ ಉಳಿಯುತ್ತದೆ.

ತಂತಿಯ ಲೆಕ್ಕ ಸುಲಭ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಮೀಟರ್‌ನಲ್ಲಿ ಉದ್ದ ಬರುತ್ತದೆ. 14.15ಕ್ಕೆ ಸುಮಾರು 10.1 ಮೀಟರ್, ಅಂದರೆ ಒಂದೊಂದು ಕಡೆಗೆ 5 ಮೀಟರ್ ಚಿಲ್ಲರೆ. ಮೊದಲು ಒಂದೊಂದು ಕಡೆಗೆ 5.3 ಮೀಟರ್ ಇಟ್ಟು ಕತ್ತರಿಸಿ, ಆಮೇಲೆ ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಎಷ್ಟು ಪವರ್ ವಾಪಸ್ ಬರುತ್ತಿದೆ ಅಂತ ತೋರಿಸುವ ಅಳತೆ, 1 ಅಂದರೆ ಏನೂ ಬರುತ್ತಿಲ್ಲ) ಅಳೆಯುತ್ತಾ ತುದಿ ಮೊಟಕು ಮಾಡಿ. ಪ್ಲಾಸ್ಟಿಕ್ ಹೊದಿಕೆಯ ತಂತಿ, ಸುತ್ತಲಿನ ಮರ ಎರಡೂ ಸೇರಿ ಫ್ರೀಕ್ವೆನ್ಸಿಯನ್ನು ಕೆಳಗೆ ಎಳೆಯುತ್ತವೆ, ಹಾಗಾಗಿ ಕತ್ತರಿಸುವುದು ಗ್ಯಾರಂಟಿ. ಜಾಗ ಸಾಲದಿದ್ದರೆ ತುದಿಗಳನ್ನು ಪಕ್ಕಕ್ಕೋ ಕೆಳಕ್ಕೋ ಬಗ್ಗಿಸಿ. ನಡುಭಾಗ ಮಾತ್ರ ನೆಟ್ಟಗಿರಲಿ, ಕರೆಂಟ್ ಜಾಸ್ತಿ ಹರಿಯುವುದು ಅಲ್ಲೇ.

ತುದಿಯಲ್ಲಿ ಕರೆಂಟ್ ಇರುವುದಿಲ್ಲ, ವೋಲ್ಟೇಜ್ ಇರುತ್ತದೆ. 100 ವ್ಯಾಟ್‌ಗೆ ನೂರಾರು ವೋಲ್ಟ್, ಸಾವಿರದ ಹತ್ತಿರಕ್ಕೂ ಹೋಗಬಹುದು. ಅದಕ್ಕೇ ತುದಿಯನ್ನು ತೊಲೆಗೆ ನೇರವಾಗಿ ಮೊಳೆ ಹೊಡೆದು ಕಟ್ಟಬೇಡಿ. ಇನ್ಸುಲೇಟರ್ ಹಾಕಿ, ನೈಲಾನ್ ದಾರದಲ್ಲಿ ಎಳೆದು, ಮರದಿಂದ ಒಂದು ಗೇಣಾದರೂ ದೂರ ನಿಲ್ಲಿಸಿ. ಕೈಗೆಟುಕುವ ಕಡೆ ತುದಿ ಬರಬಾರದು. ಮನೆಯ ವೈರಿಂಗ್‌ಗೆ ಸಮಾನಾಂತರವಾಗಿ ತಂತಿ ಓಡಿಸಬೇಡಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ.

ಈಗ ಪವರ್ ವಿಷಯ. 100ರಿಂದ 25 ವ್ಯಾಟ್‌ಗೆ ಇಳಿದರೆ 6 ಡಿಬಿ (ಡೆಸಿಬೆಲ್) ಕಡಿಮೆಯಾಗುತ್ತದೆ, ಅಂದರೆ ಆ ಕಡೆಯವರ ಮೀಟರ್‌ನಲ್ಲಿ ಒಂದೇ ಒಂದು ಎಸ್ ಯೂನಿಟ್ (ಸಿಗ್ನಲ್ ಬಲ ತೋರಿಸುವ ಮಾಪಕದ ಒಂದು ಮೆಟ್ಟಿಲು). ಅಷ್ಟಕ್ಕೋಸ್ಕರ ಮಲಗುವ ಕೋಣೆಯ ಮೇಲೆ ನಾಲ್ಕು ಪಟ್ಟು ಪವರ್ ಯಾಕೆ ಅಲ್ವಾ? ಕೆಳಗಿರುವವರಿಗೆ ಎಷ್ಟು ರೇಡಿಯೋ ಶಕ್ತಿ ತಾಗುತ್ತದೆ ಅನ್ನುವುದು ಪವರ್, ದೂರ, ಫ್ರೀಕ್ವೆನ್ಸಿ, ಎಷ್ಟು ಹೊತ್ತು ಒತ್ತಿರುತ್ತೀರಿ, ಈ ನಾಲ್ಕರ ಮೇಲೆ ನಿಂತಿದೆ. ಎಸ್‌ಎಸ್‌ಬಿಯಲ್ಲಿ (ಮಾತು ಪ್ರಸಾರ ಮಾಡುವ ಒಂದು ವಿಧಾನ) ಮಾತಿನ ನಡುವೆ ಬಿಡುವಿರುತ್ತದೆ. ಎಫ್‌ಟಿ8 (ಕಂಪ್ಯೂಟರ್ ಮೂಲಕ ಚಿಕ್ಕ ಸಂದೇಶ ಕಳಿಸುವ ವಿಧಾನ) ಹಾಗಲ್ಲ. ಒಂದು 15 ಸೆಕೆಂಡಿನ ಸರದಿ ಬಿಟ್ಟು ಇನ್ನೊಂದರಲ್ಲಿ ಪೂರ್ತಿ ಪವರ್ ಹೋಗುತ್ತಲೇ ಇರುತ್ತದೆ, ಅದಕ್ಕೆ ಇನ್ನೂ ಇಳಿಸಿ. ಅಮೆರಿಕದ ಹ್ಯಾಮ್ ಸಂಘ ಎಆರ್‌ಆರ್‌ಎಲ್‌ನ ಜಾಲತಾಣದಲ್ಲಿ ಸುರಕ್ಷಿತ ದೂರದ ಲೆಕ್ಕ ಹಾಕುವ ಪುಟವಿದೆ, ನಿಮ್ಮ ಅಂಕಿ ಹಾಕಿ ನೋಡಿ. ಮುಂದೆ ಅಲ್ಲೇ 2 ಮೀಟರ್ (ಸುಮಾರು 145 ಮೆಗಾಹರ್ಟ್ಸ್) ಎಫ್‌ಎಂ ಆಂಟೆನಾ ಇಡುವ ಯೋಚನೆ ಇದ್ದರೆ ಜಾಸ್ತಿ ಹುಷಾರು. ಮೈ ಈ ಶಕ್ತಿಯನ್ನು ಹೆಚ್ಚು ಹೀರುವುದು 30ರಿಂದ 300 ಮೆಗಾಹರ್ಟ್ಸ್ ನಡುವೆ, ಮಿತಿಯೂ ಅಲ್ಲೇ ಬಿಗಿ.

ಎಸ್‌ಡಬ್ಲ್ಯುಆರ್ 1.1ಕ್ಕೆ ತರಬೇಕು ಅಂತ ದಿನಗಟ್ಟಲೆ ಅಟ್ಟ ಹತ್ತಿ ಇಳಿಯುವವರಿದ್ದಾರೆ. ಸುಮ್ನೆ ಸುಸ್ತು. 2ರ ಒಳಗಿದ್ದರೆ ಸಾಕು, ಮಳೆ ಬಂದು ಚಾವಣಿ ನೆನೆದರೆ ಹೇಗೂ ಸ್ವಲ್ಪ ಸರಿಯುತ್ತದೆ. ಆ ಶ್ರಮವನ್ನು ಚೋಕ್‌ಗೆ (ಕೇಬಲ್‌ನ ಹೊರಮೈಯಲ್ಲಿ ಹರಿಯುವ ಕರೆಂಟ್ ತಡೆಯುವ ಸುರುಳಿ) ಹಾಕಿ. 2.4 ಇಂಚಿನ ಮಿಕ್ಸ್ 31 ಎಂಬ ಬಗೆಯ ಫೆರೈಟ್ (ಕಾಂತೀಯ ವಸ್ತು) ಉಂಗುರಕ್ಕೆ ತೆಳು ಕೋಆಕ್ಸನ್ನು (ರೇಡಿಯೋದಿಂದ ಆಂಟೆನಾಕ್ಕೆ ಹೋಗುವ ಕೇಬಲ್) ಹತ್ತು-ಹನ್ನೆರಡು ಸುತ್ತು ಸುತ್ತಿ, ಡೈಪೋಲ್‌ನ ನಡುವೆ ಕೋಆಕ್ಸ್ ಸೇರುವಲ್ಲೇ ಇಡಿ. ಇಲ್ಲದಿದ್ದರೆ ಕೋಆಕ್ಸ್‌ನ ಹೊರಮೈಯೇ ಆಂಟೆನಾ ಆಗಿ, ನಿಮ್ಮ ಸಿಗ್ನಲ್ಲನ್ನು ಮನೆಯೊಳಕ್ಕೂ ಮನೆಯ ವಿದ್ಯುತ್ ಗದ್ದಲವನ್ನು ರಿಗ್‌ಗೂ (ರೇಡಿಯೋ ಸೆಟ್) ತರುತ್ತದೆ.

ಗದ್ದಲವೇ ಅಟ್ಟದ ದೊಡ್ಡ ಕಾಟ. ರಿಗ್ಗನ್ನು ಬ್ಯಾಟರಿಗೆ ಹಾಕಿ, ಮನೆಯ ಮೇನ್ ಸ್ವಿಚ್ ಆರಿಸಿ ಕೇಳಿ. ಆಮೇಲೆ ಒಂದೊಂದೇ ಸರ್ಕ್ಯೂಟ್ ಹಾಕುತ್ತಾ ಹೋಗಿ. ಎಲ್‌ಇಡಿ ದೀಪದ ಡ್ರೈವರ್, ಫೋನ್ ಚಾರ್ಜರ್, ಸೋಲಾರ್ ಇನ್ವರ್ಟರ್, ಯಾವುದು ಕಿರುಚುತ್ತದೆ ಅಂತ ಕಿವಿಗೇ ಗೊತ್ತಾಗುತ್ತದೆ. ಪ್ರಸಾರ ಮಾಡುವಾಗ ಹೊಗೆ ಅಲಾರಾಂ ಕೂಗುತ್ತಾ, ಟ್ರಿಪ್ ಸ್ವಿಚ್ ಬೀಳುತ್ತಾ ಅದನ್ನೂ ನೋಡಿ. ಹಾಗಾದರೆ ಮೊದಲು ಪವರ್ ಇಳಿಸಿ, ಆಮೇಲೆ ಆ ವೈರ್‌ಗಳಿಗೂ ಫೆರೈಟ್ ಹಾಕಿ.

ಹತ್ತುವಾಗ ತೊಲೆಯ ಮೇಲೇ ಕಾಲಿಡಿ, ಮಾಸ್ಕ್ ಹಾಕಿ, ಒಬ್ಬರೇ ಹೋಗಬೇಡಿ. ಬಿಸಿಲೇರಿದ ಮೇಲೆ ಅಲ್ಲಿ ಕೂರಲಾಗುವುದಿಲ್ಲ, ಬೆಳಗ್ಗೆಯೇ ಮುಗಿಸಿ.

ಒಳಗಿದೆ ಅಂತ ಸಿಡಿಲಿನ ವಿಷಯದಲ್ಲಿ ಉದಾಸೀನ ಬೇಡ. ಹತ್ತಿರ ಎಲ್ಲೋ ಬಡಿದರೂ ತಂತಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಗುಡುಗು ಶುರುವಾಗುವ ಮುಂಚೆಯೇ ಕೋಆಕ್ಸ್ ಬಿಚ್ಚಿ ರಿಗ್‌ನಿಂದ ದೂರ ಇಡಿ. ಶುರುವಾದ ಮೇಲೆ ಬಿಚ್ಚಲು ಹೋಗಬೇಡಿ.

ಅಟ್ಟದ ಉದ್ದ, ಚಾವಣಿ ಯಾವುದು ಅಂತ ಬರೆಯಿರಿ, ತಂತಿ ಹೇಗೆ ಬಗ್ಗಿಸಬಹುದು ನೋಡೋಣ. 73 (ಹ್ಯಾಮ್‌ಗಳ ಶುಭಾಶಯ).